ಮೊದಲು ಮಲಗೋ ಜಾಗ, ಆಮೇಲೆ ದಾರಿ: ಬೈಕು, ಟೆಂಟು ಮತ್ತು ನಿಮ್ಮ ಪ್ರಶ್ನೆಗಳು

ಬೈಕಿಗೆ ಟೆಂಟ್ ಕಟ್ಕೊಂಡು ದಿನಗಟ್ಟಲೆ ಸುತ್ತೋದರ ಬಗ್ಗೆ ಕೇಳೋದಿದ್ರೆ ಕೇಳಿ ಅಂತ ಹೋದ ಸಂಚಿಕೆಲಿ ಬರ್ದಿದ್ದೆ. ಹತ್ತಿಪ್ಪತ್ತು ಕಾಗದ ಬರಬಹುದು ಅನ್ಕೊಂಡಿದ್ದೆ, ಬಂದಿದ್ದು ನೋಡಿ ಗಾಬರಿ ಆಯ್ತು ಮಾರಾಯ್ರೆ. ಅರ್ಧಕ್ಕರ್ಧ ಜನ ಕೇಳಿದ್ದು "ಯಾವ ಬೈಕ್ ತಗೊಳ್ಲಿ" ಅಂತ, ಅವಕ್ಕೆ ಇಲ್ಲಿ ಉತ್ತರ ಇಲ್ಲ, ಇರೋ ಬೈಕಲ್ಲೇ ಹೋಗಿ. ಉಳಿದವುಗಳಲ್ಲಿ ಕೆಲವನ್ನ ಆರಿಸಿಕೊಂಡಿದೀನಿ.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸು, ಡಿಸೆಂಬರ್ ಕೊನೇಲಿ ಹೊರಡೋ ಪ್ಲಾನು. ತುಮಕೂರಿಂದ ಚಿತ್ರದುರ್ಗ, ಹಂಪಿ, ಬಾದಾಮಿ, ದಾಂಡೇಲಿ, ಕಾರವಾರ, ಗೋಕರ್ಣ, ಜೋಗ, ಆಗುಂಬೆ, ಚಿಕ್ಕಮಗಳೂರು, ವಾಪಸ್. ಮ್ಯಾಪಲ್ಲಿ ನೋಡಿದ್ರೆ 1400 ಕಿ.ಮೀ. ಆಸುಪಾಸು ಬರ್ತಾ ಇದೆ, ದಿನಕ್ಕೆ 350 ಅಂದ್ರೂ ನಾಲ್ಕು ದಿನ ಸಾಕಲ್ವಾ? ಒಂದು ದಿನ ಜಾಸ್ತಿ ಇಟ್ಕೊಂಡು ಐದು ದಿನ ಮಾಡಿದೀವಿ. ಸರಿ ಇದೆಯಾ ಹೇಳಿ.
— ಓದುಗ, ತುಮಕೂರು

ಉತ್ತರ: ಲೆಕ್ಕ ಸರಿ ಇದೆ ತಮ್ಮಾ, ಪ್ಲಾನ್ ಸರಿ ಇಲ್ಲ. ಭಾಗಾಕಾರ ಮಾಡಿ ಟ್ರಿಪ್ ಪ್ಲಾನ್ ಮಾಡೋದು ನಾವೆಲ್ಲರೂ ಮಾಡಿರೋ ತಪ್ಪು, ನಾನಂತೂ ಎರಡು ಸಲ ಮಾಡಿದೀನಿ. ತುಮಕೂರು–ಚಿತ್ರದುರ್ಗ 130 ಕಿ.ಮೀ. ಹೈವೇಲಿ ಎರಡೂವರೆ ಗಂಟೇಲಿ ಮುಗಿಯತ್ತೆ, ಆದ್ರೆ ದಾಂಡೇಲಿ–ಕಾರವಾರ ಬರೀ ನೂರು ಚಿಲ್ಲರೆ ಕಿ.ಮೀ. ಇದ್ರೂ ಜೋಯಿಡಾ, ಅಣಶಿ, ಕದ್ರಾ ಅಂತ ಘಟ್ಟ ಇಳೀತಾ ಲಗೇಜ್ ಕಟ್ಟಿರೋ ಬೈಕಲ್ಲಿ ನಾಲ್ಕು ಗಂಟೆ ಹಿಡಿಯತ್ತೆ, ಮಧ್ಯ ಒಂದು ಕಡೆ ನಿಂತು ಚಾ ಕುಡ್ದು ಫೋಟೋ ತೆಗ್ದ್ರೆ ಐದು. ಅದಕ್ಕೇ ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ. ಬಯಲುಸೀಮೆ ಹೈವೇಲಿ ಗಂಟೆಗೆ 50–55, ಘಟ್ಟದಲ್ಲಿ ಮತ್ತೆ ಮಲೆನಾಡಿನ ಒಳದಾರೀಲಿ 25–30, ಅದಕ್ಕಿಂತ ಜಾಸ್ತಿ ಆವರೇಜ್ ಬರತ್ತೆ ಅನ್ನೋರು ಒಂದೋ ಸುಳ್ಳು ಹೇಳ್ತಿರ್ತಾರೆ, ಇಲ್ಲ ಏನೂ ನೋಡದೆ ಓಡಿಸ್ತಿರ್ತಾರೆ. ಡಿಸೆಂಬರಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗ್ತಾನೆ. ಟೆಂಟ್ ಹಾಕೋಕೆ ಬೆಳಕು ಬೇಕು, ಜಾಗ ಹುಡುಕೋಕೆ ಇನ್ನೂ ಜಾಸ್ತಿ ಬೆಳಕು ಬೇಕು, ಅಂದ್ರೆ ನಾಲ್ಕು ಗಂಟೆಗೆ ಬೈಕ್ ಸ್ಟ್ಯಾಂಡ್ ಹಾಕ್ಬೇಕು. ಬೆಳಿಗ್ಗೆ ಟೆಂಟ್ ಮಡಚಿ, ಇಬ್ಬನಿಗೆ ಒದ್ದೆಯಾಗಿರೋ ಹೊದಿಕೆ ಸ್ವಲ್ಪ ಒಣಗ್ಸಿ, ನಾಲ್ಕು ಜನದ್ದೂ ಬ್ಯಾಗ್ ಕಟ್ಟಿ ಹೊರಡೋಕೆ ಒಂಬತ್ತು ಆಗತ್ತೆ (ನಾಲ್ಕು ಜನ ಅಂದ್ರೆ ಅದರಲ್ಲಿ ಒಬ್ಬ ಏಳಲ್ಲ, ಅದು ನಿಯಮ). ಒಂಬತ್ತರಿಂದ ನಾಲ್ಕು, ಊಟ ಕಳೆದ್ರೆ ಐದೂವರೆ ಗಂಟೆ ಉಳೀತು. ಈಗ ನೀವೇ ಹೇಳಿ 350 ಹೆಂಗೆ?

ನಾನು ಮಾಡೋದು ಹೀಗೆ. ಮ್ಯಾಪಲ್ಲಿ ಮೊದಲು ದಾರಿ ಎಳೆಯಲ್ಲ. ರಾತ್ರಿ ಎಲ್ಲೆಲ್ಲಿ ಬೆನ್ನು ಊರಬಹುದು ಅಂತ ಚುಕ್ಕಿ ಇಡ್ತೀನಿ, ಆ ಚುಕ್ಕಿಗಳನ್ನ ಸೇರಿಸೋದೇ ದಾರಿ. ನಿಮ್ಮದಕ್ಕೆ ಹತ್ತು ದಿನ ಇಟ್ಕೊಳ್ಳಿ. ಒಂದನೇ ದಿನ ಚಿತ್ರದುರ್ಗದ ಕೋಟೆ ನೋಡಿ ಸೀದಾ ಹೊಸಪೇಟೆ ಕಡೆ, ಅಲ್ಲಿಗೆ ಇನ್ನೊಂದು 135 ಕಿ.ಮೀ. ಹಂಪಿಲಿ ಎರಡು ರಾತ್ರಿ. ಹಳೇ ಟ್ರಾವೆಲ್ ಬರಹ ನಂಬ್ಕೊಂಡು ವಿರೂಪಾಪುರ ಗಡ್ಡೆಲಿ ಉಳ್ಕೋತೀವಿ ಅಂತ ಹೋಗ್ಬೇಡಿ, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ್ಮೇಲೆ ಅಲ್ಲಿದ್ದ ರೆಸಾರ್ಟ್‌ಗಳನ್ನ ಕೆಡವಿಹಾಕಿದ್ರು. ಬಂಡೆ ಮೇಲೆ ಟೆಂಟ್ ಹಾಕೋ ಆಸೆ ಎಲ್ಲರಿಗೂ ಇರತ್ತೆ, ಆದ್ರೆ ಬಂಡೆಗೆ ಗೂಟ ಇಳಿಯಲ್ಲ, ಸ್ಮಾರಕದ ಜಾಗ ಬೇರೆ, ಪಕ್ಕದ ದರೋಜಿಲಿ ಕರಡಿಧಾಮವೇ ಇದೆ. ಕಮಲಾಪುರದಲ್ಲೋ ಆನೆಗೊಂದಿಲೋ ಕಾಂಪೌಂಡ್ ಇರೋ ಹೋಂಸ್ಟೇಯವರನ್ನ ಕೇಳಿ, ಅಂಗಳದಲ್ಲಿ ಟೆಂಟ್ ಹಾಕೋಕೆ ಒಪ್ಪೋರು ಸಿಗ್ತಾರೆ. ಆಮೇಲೆ ಬಾದಾಮಿ ಒಂದು ರಾತ್ರಿ, ಅಲ್ಲಿಂದ ಧಾರವಾಡದ ಮೇಲೆ ದಾಂಡೇಲಿ, ಅಲ್ಲಿ ಎರಡು ರಾತ್ರಿ ಬೇಕೇ ಬೇಕು ಯಾಕಂದ್ರೆ ಅಷ್ಟೊತ್ತಿಗೆ ಬೆನ್ನು ನೋಯ್ತಾ ಇರತ್ತೆ, ಬಟ್ಟೆ ಒಗೀಬೇಕು, ಚೈನಿಗೆ ಎಣ್ಣೆ ಬಿಡ್ಬೇಕು. ದಾಂಡೇಲಿ ಬಿಡೋವಾಗ ಟ್ಯಾಂಕ್ ಫುಲ್ ಮಾಡ್ಸಿ, ಕಾಡೊಳಗೆ ನೆಟ್‌ವರ್ಕೂ ಇರಲ್ಲ, ಆಫ್‌ಲೈನ್ ಮ್ಯಾಪ್ ಮೊದಲೇ ಇಳಿಸ್ಕೊಳ್ಳಿ. ಕತ್ತಲಾದ್ಮೇಲೆ ಆ ದಾರಿ ಬೇಡ, ಅದು ಕಾಳಿ ಹುಲಿ ಮೀಸಲು ಪ್ರದೇಶ.

ಕಾರವಾರದಿಂದ ಗೋಕರ್ಣ 60 ಕಿ.ಮೀ., ಅರ್ಧ ದಿನ. ಗೋಕರ್ಣದಿಂದ ಹೊನ್ನಾವರ, ಗೇರುಸೊಪ್ಪೆ ಘಟ್ಟ ಹತ್ತಿ ಜೋಗ. ಡಿಸೆಂಬರಲ್ಲಿ ಜೋಗದಲ್ಲಿ ನೀರು ಸಣ್ಣದಿರತ್ತೆ, 253 ಮೀಟರ್ ಬಂಡೆ ನೋಡ್ಕೊಂಡು ಬರೋದು, ಬೇಜಾರು ಮಾಡ್ಕೋಬೇಡಿ, ಆ ದಾರಿನೇ ಜೋಗಕ್ಕಿಂತ ಚೆನ್ನಾಗಿದೆ. ಸಾಗರದಿಂದ ಹೊಸನಗರ, ತೀರ್ಥಹಳ್ಳಿ ಮೇಲೆ ಆಗುಂಬೆ. ಒಂದು ದಿನ ಹೆಚ್ಚಿದ್ರೆ ಸಾಗರದಿಂದ ಸಿಗಂದೂರಿಗೆ ಹೋಗ್ಬನ್ನಿ. ಮುಂಚೆ ಶರಾವತಿ ಹಿನ್ನೀರಲ್ಲಿ ಲಾಂಚಿಗೆ ಬೈಕ್ ಹತ್ತಿಸ್ಕೊಂಡು ಕ್ಯೂನಲ್ಲಿ ನಿಂತು ದಾಟ್ತಿದ್ವಿ, 2025ರ ಜುಲೈಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಪನ್ ಆಯ್ತು, ಈಗ ಐದು ನಿಮಿಷ. ಆ ಕಡೆ ಜನಕ್ಕೆ ದಶಕಗಳ ಕಷ್ಟ ತೀರಿತು, ಅದರ ಮುಂದೆ ನನ್ನ ಲಾಂಚ್ ನೆನಪು ಏನೂ ಅಲ್ಲ, ಆದ್ರೂ ಆ ಲಾಂಚಿನ ಮೇಲೆ ಕಡ್ಲೆ ತಿನ್ಕೊಂಡು ನಿಲ್ತಿದ್ದಿದ್ದು ನೆನಪಾಗತ್ತೆ. ಕೊನೆಗೆ ಶೃಂಗೇರಿ, ಚಿಕ್ಕಮಗಳೂರು, ಕಡೂರು–ಅರಸೀಕೆರೆ–ತಿಪಟೂರು ಮೇಲೆ ಮನೆ. ಹತ್ತು ದಿನ ರಜ ಸಿಗಲ್ಲ ಅಂದ್ರೆ ಹಂಪಿ–ಬಾದಾಮಿ ತೆಗೆದುಹಾಕಿ, ಅವು ಚಳಿಗಾಲದಲ್ಲಿ ಬಸ್ಸಲ್ಲೂ ಹೋಗಬಹುದಾದ ಜಾಗ. ಎಲ್ಲಾ ಇಟ್ಕೊಂಡು ಓಡೋದು ಮಾತ್ರ ಬೇಡ.

ಪ್ರಶ್ನೆ: ನನ್ನ ಹತ್ರ ಎಂಟು ವರ್ಷದ ಸ್ಪ್ಲೆಂಡರ್ ಇದೆ. ಟೆಂಟು, ಮಲಗೋ ಬ್ಯಾಗು, ಸ್ಟವ್ವು ಎಲ್ಲಾ ಹೊತ್ಕೊಂಡು ಹೋಗತ್ತಾ? ಎಲ್ಲರೂ ನಗ್ತಾರೆ.
— ಓದುಗ, ಅರಕಲಗೂಡು

ಉತ್ತರ: ಹೋಗತ್ತೆ. ನಗೋರ ಬೈಕ್ ಮಧ್ಯದಾರೀಲಿ ಕೆಟ್ಟು ನಿಂತಾಗ ಅದರ ಪಾರ್ಟ್ ಬೆಂಗಳೂರಿಂದ ಬರ್ಬೇಕು, ನಿಮ್ಮದಕ್ಕೆ ಹೊಸನಗರದ ಸಂತೆಬೀದೀಲೂ ಕ್ಲಚ್ ವೈರ್ ಸಿಗತ್ತೆ. ನಮ್ಮಪ್ಪ ಮೈಸೂರಲ್ಲೇ ತಯಾರಾದ ಯೆಜ್ಡಿಲಿ ಅಮ್ಮನ್ನ, ನನ್ನ, ಒಂದು ಹಲಸಿನಹಣ್ಣನ್ನ ಕೂರಿಸ್ಕೊಂಡು ಘಟ್ಟ ಹತ್ತಿಸ್ತಿದ್ರು, ಲಗೇಜ್ ಅಂದ್ರೆ ಅದು.

ಭಾರ ಕಟ್ಟೋದರಲ್ಲಿ ಮಾತ್ರ ಹುಷಾರಿರಿ. ಭಾರದ ಸಾಮಾನು (ನೀರು, ಟೂಲ್ಸು, ಅಕ್ಕಿ) ಕೆಳಗೆ, ಎರಡು ಕಡೆ ಬ್ಯಾಗಲ್ಲಿ ಸಮ ಸಮ ಹಂಚಿ. ಹಗುರದ್ದು, ಅಂದ್ರೆ ಟೆಂಟು ಹೊದಿಕೆ, ಸೀಟ್ ಮೇಲೆ ಅಡ್ಡಡ್ಡ. ಸೀಟಿನ ಹಿಂದೆ ಕ್ಯಾರಿಯರ್ ಮೇಲೆ ಎತ್ತರಕ್ಕೆ ಪೇರಿಸಿದ್ರೆ ಮುಂದಿನ ಚಕ್ರ ಹಗುರ ಆಗಿ ತಿರುವಲ್ಲಿ ಹ್ಯಾಂಡಲ್ ತೇಲಿದ ಹಾಗಾಗತ್ತೆ. ಕೊಕ್ಕೆ ಇರೋ ಎಲಾಸ್ಟಿಕ್ ಹಗ್ಗ ನಂಬ್ಬೇಡಿ, ಅದು ಒಂದಿನ ಕಳಚಿ ಚಕ್ರಕ್ಕೆ ಸುತ್ಕೊಳತ್ತೆ ಇಲ್ಲಾ ಬಿಗಿಯೋವಾಗ ಕಣ್ಣಿಗೇ ಹೊಡಿಯತ್ತೆ, ಬಕಲ್ ಇರೋ ಪಟ್ಟಿ ತಗೊಳ್ಳಿ. ಹಿಂದಿನ ಟೈರಿಗೆ ಜೋಡಿ ಸವಾರಿಗೆ ಹೇಳಿರೋ ಗಾಳಿ. ಟ್ಯೂಬ್ ಟೈರ್ ಆಗಿದ್ರೆ ಒಂದು ಸ್ಪೇರ್ ಟ್ಯೂಬ್ ಇಟ್ಕೊಳ್ಳಿ, ಪಂಕ್ಚರ್ ಅಂಗಡಿಯವನು ಎಲ್ಲಾ ಕಡೆ ಇರ್ತಾನೆ ಆದ್ರೆ ಬಾಯಿ ಕಿತ್ತುಹೋದ ಟ್ಯೂಬಿಗೆ ಅವನೂ ಏನೂ ಮಾಡಲ್ಲ. ಇನ್ನೊಂದು, ಅಂಗೈ ಅಗಲದ ಹಲಗೆ ಚೂರು ಒಂದು ಇಟ್ಕೊಳ್ಳಿ. ಮರಳಲ್ಲಿ, ಗದ್ದೇಲಿ ಸೈಡ್ ಸ್ಟ್ಯಾಂಡ್ ಕೆಳಗೆ ಹಾಕೋಕೆ. ಮಧ್ಯರಾತ್ರಿ ಬೈಕ್ ಟೆಂಟ್ ಮೇಲೆ ಬೀಳೋದು ಜೋಕಲ್ಲ. ಅದಕ್ಕೇ ಟೆಂಟಿಂದ ಒಂದು ಬೈಕ್ ಉದ್ದ ದೂರ ನಿಲ್ಲಿಸಿ.

ಪ್ರಶ್ನೆ: ಶುಕ್ರವಾರ ಆಫೀಸ್ ಮುಗಿಸಿ ಬೆಂಗಳೂರಿಂದ ಆರಕ್ಕೆ ಹೊರಟ್ರೆ ರಾತ್ರಿನೇ ಬಂಡೀಪುರ ದಾಟಿ ವಯನಾಡ್ ಸೇರಬಹುದಾ? ಎಕ್ಸ್‌ಪ್ರೆಸ್‌ವೇ ಆಗಿರೋದ್ರಿಂದ ಬೇಗ ಆಗತ್ತೆ ಅಂತಾರೆ.
— ಓದುಗ, ರಾಜಾಜಿನಗರ

ಉತ್ತರ: ಆಗಲ್ಲ. ಒಂದು, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಿಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡಲ್ಲ, ನೀವು ಸರ್ವಿಸ್ ರೋಡಲ್ಲಿ ಬಿಡದಿ, ರಾಮನಗರ, ಮದ್ದೂರು ಅಂತ ಎಲ್ಲಾ ಹಂಪು ಎಣಿಸ್ಕೊಂಡೇ ಹೋಗ್ಬೇಕು. ಎರಡು, ಬಂಡೀಪುರದ ಗೇಟ್ ರಾತ್ರಿ 9ಕ್ಕೆ ಹಾಕಿದ್ರೆ ಬೆಳಿಗ್ಗೆ 6ಕ್ಕೇ ತೆಗೆಯೋದು, 2009ರಿಂದ ಇರೋ ನಿಯಮ. ನಾಗರಹೊಳೆ ಕಡೆಯಿಂದ ಮಾನಂದವಾಡಿಗೆ ಹೋಗೋ ದಾರಿ ಇನ್ನೂ ಬೇಗ, ಸಂಜೆ ಆರಕ್ಕೇ ಬಂದ್. ಗುಂಡ್ಲುಪೇಟೆಲಿ ರೂಮ್ ಮಾಡಿ ಮಲ್ಕೊಳ್ಳಿ, ಬೆಳಿಗ್ಗೆ ಆರಕ್ಕೆ ಗೇಟ್ ಹತ್ರ ಇರಿ, ಆ ಹೊತ್ತಿಗೆ ಜಿಂಕೆ ಆನೆ ಎಲ್ಲಾ ರೋಡ್ ಪಕ್ಕಕ್ಕೇ ಬಂದಿರ್ತವೆ. ಬೈಕ್ ನಿಲ್ಲಿಸ್ಬೇಡಿ, ಇಳೀಬೇಡಿ, ಸೆಲ್ಫಿ ಅಂತೂ ಬೇಡವೇ ಬೇಡ.

ಪ್ರಶ್ನೆ: ನಿಜವಾಗ್ಲೂ ಟೆಂಟ್ ಎಲ್ಲಿ ಹಾಕಬಹುದು? ಕಾಡಲ್ಲಿ, ನದಿ ದಡದಲ್ಲಿ, ಬೀಚಲ್ಲಿ ಹಾಕಿದ್ರೆ ಯಾರಾದ್ರೂ ಕೇಳ್ತಾರಾ? ವಿಡಿಯೋಗಳಲ್ಲಿ ಎಲ್ಲರೂ ಹಾಕಿರ್ತಾರಲ್ಲ.
— ಓದುಗ, ದಾವಣಗೆರೆ

ಉತ್ತರ: ವಿಡಿಯೋದಲ್ಲಿ ಟೆಂಟ್ ಹಾಕೋದು ತೋರಿಸ್ತಾರೆ, ಬೆಳಿಗ್ಗೆ ಗಾರ್ಡ್ ಬಂದು ಎಬ್ಬಿಸಿದ್ದು ತೋರಿಸಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲು, ಇವುಗಳ ಒಳಗೆ ಪರ್ಮಿಷನ್ ಇಲ್ದೆ ಕಾಲಿಡೋದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಇನ್ನು ಟೆಂಟ್ ಮಾತೆಲ್ಲಿ. ರಿಸರ್ವ್ ಫಾರೆಸ್ಟಲ್ಲೂ ಅದೇ ಕಥೆ. ರೋಡ್ ಪಕ್ಕ ಕಾಡು ಖಾಲಿ ಕಾಣತ್ತೆ ಅಂತ ನುಗ್ಗಬೇಡಿ. ಕಾಡಲ್ಲೇ ಮಲಗೋ ಆಸೆ ಇದ್ರೆ ಸರ್ಕಾರದ್ದೇ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್‌ಗಳಿವೆ, ದಾಂಡೇಲಿ ಹತ್ರ ಕಾಳಿ, ಕಾರವಾರದ ದೇವಬಾಗ, ಕಾವೇರಿ ದಡದ ಭೀಮೇಶ್ವರಿ, ಸ್ವಲ್ಪ ದುಡ್ಡು ಬೀಳತ್ತೆ. ಹತ್ತು ದಿನದ ಟ್ರಿಪ್ಪಲ್ಲಿ ಒಂದು ರಾತ್ರಿ ಅಂಥಾದ್ದು, ಎರಡು ರಾತ್ರಿ ಲಾಡ್ಜು, ಉಳಿದಿದ್ದು ಟೆಂಟು ಅಂತ ಇಟ್ಕೊಂಡ್ರೆ ಮೈಗೂ ಜೇಬಿಗೂ ಸರಿಹೋಗತ್ತೆ.

ಉಳಿದ ರಾತ್ರಿಗಳಿಗೆ ನನ್ನ ಪದ್ಧತಿ ಏನಂದ್ರೆ, ಯಾರದ್ದೂ ಅಲ್ಲದ ಜಾಗ ಹುಡುಕೋದೇ ಇಲ್ಲ, ಯಾರದ್ದೋ ಒಬ್ಬರ ಜಾಗ ಹುಡುಕ್ತೀನಿ. ಅಡಿಕೆ ತೋಟದ ಮನೆ ಅಂಗಳ, ಊರ ಶಾಲೆ ಮೈದಾನ (ರಜ ಇದ್ರೆ, ಹೆಡ್‌ಮಾಸ್ಟರ್ ಕೇಳಿ), ದೇವಸ್ಥಾನದ ಪೌಳಿ, ಹೆದ್ದಾರಿ ಮೇಲಿನ ಡಾಬಾ ಹಿಂದಿನ ಜಾಗ, ದೊಡ್ಡ ಪೆಟ್ರೋಲ್ ಬಂಕ್. ಮೂರೂವರೆ ಗಂಟೆಗೆ ಒಂದು ಸಣ್ಣ ಊರಲ್ಲಿ ಚಾ ಅಂಗಡಿ ಮುಂದೆ ನಿಲ್ಲಿ, ಹೆಲ್ಮೆಟ್ ತೆಗೀರಿ (ಇದು ಮುಖ್ಯ, ಮುಖ ಕಾಣದಿದ್ರೆ ಯಾರೂ ನಂಬಲ್ಲ), ಚಾ ಕುಡೀರಿ, ಎಲ್ಲಿಂದ ಬಂದ್ರಿ ಅಂತ ಅವರೇ ಕೇಳ್ತಾರೆ, ಹೇಳಿ. ಆಮೇಲೆ "ರಾತ್ರಿ ಒಂದು ಟೆಂಟ್ ಹಾಕೋಕೆ ಜಾಗ ಸಿಗಬಹುದಾ, ಬೆಳಿಗ್ಗೆ ಹೋಗ್ಬಿಡ್ತೀವಿ" ಅನ್ನಿ. ಹತ್ತರಲ್ಲಿ ಏಳು ಸಲ ಜಾಗ ಸಿಗತ್ತೆ, ಅದರಲ್ಲಿ ನಾಲ್ಕು ಸಲ "ಟೆಂಟ್ ಯಾಕ್ರೀ, ಜಗಲಿ ಮೇಲೆ ಮಲ್ಕೊಳ್ಳಿ" ಅಂತಾರೆ, ಊಟಾನೂ ಹಾಕ್ತಾರೆ. ಎಣ್ಣೆ ಹೊಡೆಯೋ ಪ್ಲಾನ್ ಇದ್ರೆ ಮಾತ್ರ ಯಾರ ಅಂಗಳಕ್ಕೂ ಹೋಗ್ಬೇಡಿ, ನಿಮ್ಮ ಹಿಂದೆ ಬರೋ ಬೈಕಿನವನಿಗೆ ಆ ಬಾಗಿಲು ಮುಚ್ಚಿಹೋಗತ್ತೆ.

ನದಿ ದಡದ ವಿಷಯ ಬೇರೇನೇ. ನಮ್ಮ ಪಶ್ಚಿಮಘಟ್ಟದ ನದಿಗಳಲ್ಲಿ ಬಹಳಷ್ಟಕ್ಕೆ ಮೇಲ್ಗಡೆ ಅಣೆಕಟ್ಟು ಇದೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ, ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ. ಕರೆಂಟ್ ಉತ್ಪಾದನೆಗೆ ನೀರು ಬಿಟ್ಟಾಗ ಮಳೆ ಒಂದು ಹನಿ ಇಲ್ದೆ ಇದ್ರೂ ಹೊಳೆ ಏರತ್ತೆ. ಗಣೇಶಗುಡಿಲಿ ರಾಫ್ಟಿಂಗ್ ನಡಿಯೋದೇ ಆ ನೀರಿನ ಮೇಲೆ. ನಾನೊಂದ್ಸಲ ಇಂಥಾ ಒಂದು ಹೊಳೆ ನಡುವಿನ ಮರಳ ದಿಣ್ಣೆ ಮೇಲೆ, ಬೆಳದಿಂಗಳು ಅಂತ ಮೈಮರೆತು ಟೆಂಟ್ ಹಾಕಿದ್ದೆ, ರಾತ್ರಿ ಎರಡಕ್ಕೆ ಚಪ್ಪಲಿ ತೇಲಿ ಹೋಗೋ ಸದ್ದಿಗೆ ಎಚ್ಚರ ಆಯ್ತು. ಬೈಕನ್ನ ದಡದಲ್ಲೇ ಬಿಟ್ಟಿದ್ದು ಪುಣ್ಯ. ಊರವನೊಬ್ಬ ಸಂಜೆನೇ ಹೇಳಿದ್ದ, ನಾನೇ ಕೇಳಿಸ್ಕೊಂಡಿರ್ಲಿಲ್ಲ. ಅವತ್ತಿಂದ ದಡದಲ್ಲಿ ಹುಲ್ಲು ಬೆಳೆದಿರೋ ಮಟ್ಟಕ್ಕಿಂತ ಕೆಳಗೆ ಯಾವತ್ತೂ ಮಲಗಿಲ್ಲ. ಕಸ ಕಡ್ಡಿ ಗಿಡಕ್ಕೆ ಸಿಕ್ಕಾಕ್ಕೊಂಡಿರೋ ಎತ್ತರ ನೋಡಿ, ನೀರು ಅಲ್ಲಿವರೆಗೆ ಬಂದಿದೆ ಅಂತ ಅರ್ಥ.

ಬೀಚಲ್ಲಿ ಉಬ್ಬರದ ಗೆರೆ ನೋಡ್ಕೊಂಡು ತೆಂಗಿನ ತೋಟದ ಕಡೆ ಸರ್ಕೊಳ್ಳಿ, ತೋಟ ಯಾರದ್ದೋ ಇರತ್ತೆ, ಅವರನ್ನ ಕೇಳಿ. ತೆಂಗಿನ ಮರದ ಕೆಳಗೇ ಬೇಡ, ಯಾಕೆ ಅಂತ ಹೇಳಬೇಕಾ?

ಪ್ರಶ್ನೆ: ನಾ ಒಬ್ಬಾಕೀನ ಗಾಡಿ ಹೊಡಕೊಂಡು ಹುಬ್ಬಳ್ಳಿಯಿಂದ ಯಲ್ಲಾಪುರ, ಶಿರಸಿ, ಗೋಕರ್ಣ ಒಂದ್ ವಾರ ಅಡ್ಡಾಡಬೇಕಂತ ಮಾಡೇನ್ರಿ. ಟೆಂಟೂ ಐತಿ. ಮನ್ಯಾಗ ಬ್ಯಾಡ ಅಂತಾರ. ಹೆಂಗಸರು ಒಬ್ರ ಟೆಂಟ್ ಹಾಕ್ಕೊಂಡು ಇರಾಕ ಆಗತೈತೇನ್ರಿ? ಸುಮ್ಮ ಧೈರ್ಯ ಹೇಳಬ್ಯಾಡ್ರಿ, ಖರೇನ ಹೇಳ್ರಿ.
— ಓದುಗಳು, ಹುಬ್ಬಳ್ಳಿ

ಉತ್ತರ: ಖರೇನೇ ಹೇಳ್ತೀನಿ ಅಕ್ಕಾ. ಗಾಡಿ ಓಡಿಸೋದರಲ್ಲಿ ಏನೂ ತೊಂದ್ರೆ ಇಲ್ಲ, ಒಬ್ಬರೇ ಬಯಲಲ್ಲಿ ಟೆಂಟ್ ಹಾಕೋದು ನಾನು ಗಂಡಸಾಗಿದ್ರೂ ಮಾಡಲ್ಲ, ನಿಮಗೂ ಹೇಳಲ್ಲ. ನಾನು ಗಂಡಸಾಗಿ ಇದಕ್ಕೆ ಉತ್ತರ ಬರೆಯೋದು ಸರಿಯಲ್ಲ ಅನ್ನಿಸಿ, ಇಪ್ಪತ್ತು ವರ್ಷದಿಂದ ಒಬ್ಬರೇ ಸುತ್ತೋ ಗೆಳತಿಯೊಬ್ಬರಿಗೆ ನಿಮ್ಮ ಕಾಗದ ಓದಿ ಹೇಳಿದೆ. ಅವರು ಹೇಳಿದ್ದು: ಮನೆ ಅಂಗಳ ಆರಿಸ್ಕೋ, ಆ ಮನೇಲಿ ಹೆಂಗಸರು ಇದಾರಾ ನೋಡ್ಕೋ, ಗಂಡಸರ ಹತ್ರ ಅಲ್ಲ ಆ ಮನೆಯಮ್ಮನ ಹತ್ರ ಜಾಗ ಕೇಳು. ಶಿರಸಿ, ಯಲ್ಲಾಪುರ, ಸಿದ್ದಾಪುರ ಕಡೆ ತೋಟದ ಮನೆ ಹೋಂಸ್ಟೇಗಳು ಬೇಕಾದಷ್ಟಿವೆ, ಫೋನ್ ಮಾಡಿ "ರೂಮ್ ಬೇಡ, ಅಂಗಳದಲ್ಲಿ ಟೆಂಟು, ಊಟ ನಿಮ್ಮನೇಲಿ" ಅಂತ ಮೊದಲೇ ಮಾತಾಡ್ಕೊಳ್ಳಿ. ರಾತ್ರಿ ಎಲ್ಲಿ ಉಳೀತೀನಿ ಅಂತ ಚಾ ಅಂಗಡೀಲಿ ಯಾರು ಕೇಳಿದ್ರೂ ನಿಜ ಹೇಳಬೇಡಿ, "ನೆಂಟರ ಮನೆ, ಕಾಯ್ತಾ ಇದಾರೆ" ಅನ್ನಿ. ಉಳ್ಕೊಂಡಿರೋ ಜಾಗದ ಫೋಟೋ ಅಲ್ಲಿಂದ ಹೊರಟ ಮೇಲೆ ಹಾಕಿ. ದಿನಾ ಸಂಜೆ ಐದಕ್ಕೆ ಲೊಕೇಶನ್ ಒಬ್ಬರಿಗೆ ಕಳ್ಸಿ, ನೆಟ್‌ವರ್ಕ್ ಇಲ್ದಿರೋ ಊರಾದ್ರೆ ಅದಕ್ಕೆ ಮುಂಚಿನ ಊರಿಂದನೇ. ಏನೋ ಸರಿ ಅನ್ನಿಸದಿದ್ರೆ ಕಾರಣ ಹುಡುಕ್ತಾ ಕೂರಬೇಡಿ, ಗಾಡಿ ಹತ್ತಿ ಹೊರಡಿ, 112 ನೆನಪಿಟ್ಕೊಳ್ಳಿ. ಇಷ್ಟು ಹೇಳಿ ಅವರು ಕೊನೆಗೆ ಅಂದಿದ್ದು, "ಮನೇಲಿ ಬೇಡ ಅಂತಾರೆ ಅಂತ ನಿಂತ್ರೆ ನಾನು ಇವತ್ತಿಗೂ ಹೊರಡ್ತಿರ್ಲಿಲ್ಲ."

ಮೊದಲನೇ ಸಲ ಒಂದು ವಾರ ಬೇಡ, ಎರಡು ರಾತ್ರಿ ಸಾಕು, ಒಂದೇ ತೋಟದ ಮನೇಲಿ. ಅಲ್ಲಿಂದ ಸುತ್ತಮುತ್ತ ಓಡಾಡಿ, ಯಾಣ, ಸಾತೊಡ್ಡಿ, ಸೋಂದಾ. ಅದು ಒಗ್ಗಿದ್ರೆ ಮುಂದಿನ ಸಲ ಗೋಕರ್ಣ.

ಪ್ರಶ್ನೆ: ನಮ್ಮ ಮಗ ಗೆಳೆಯರ ಜೊತೆ ಜನವರಿಯಲ್ಲಿ ಬೈಕ್ ತಗೊಂಡು ನಮ್ಮ ಕಡೆ ಕಾಡಲ್ಲೆಲ್ಲಾ ಟೆಂಟ್ ಹಾಕ್ತೀವಿ ಅಂತ ಕುಣೀತಿದ್ದಾನೆ. ಬೆಂಗಳೂರಿನ ಹುಡುಗರು, ಉಣುಗು ಅಂದ್ರೆ ಏನು ಅಂತಾನೂ ಗೊತ್ತಿಲ್ಲ. ನಾನು ಹೇಳಿದ್ರೆ ಕೇಳಲ್ಲ, ನೀವಾದ್ರೂ ಬರೀರಿ.
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ಬಂದ ಕಾಗದಗಳಲ್ಲೇ ಬುದ್ಧಿವಂತ ಕಾಗದ ನಿಮ್ಮದು. ಚಿರತೆ, ಹಾವು ಅಂತ ಎಲ್ಲರೂ ಕೇಳ್ತಾರೆ, ಉಣುಗಿನ ಬಗ್ಗೆ ನೀವೊಬ್ಬರೇ ಕೇಳಿದ್ದು.

ಹುಡುಗರೇ ಕೇಳಿ. ಮಂಗನ ಕಾಯಿಲೆ ಅನ್ನೋದು ಇದೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆ ಆಗಿದ್ದು, ಅದಕ್ಕೇ ಇಂಗ್ಲಿಷಲ್ಲೂ ಕ್ಯಾಸನೂರು ಹೆಸರೇ. ಹರಡೋದು ಉಣುಗಿಂದ, ಅಂದ್ರೆ ದನ ನಾಯಿ ಮೈಗೆ ಕಚ್ಕೊಂಡು ರಕ್ತ ಹೀರೋ ಹುಳದಿಂದ, ಎಳ್ಳಿನಕಾಳಿಗಿಂತ ಸಣ್ಣ ಮರಿ ಉಣುಗು ಕಚ್ಚಿದ್ದೂ ಗೊತ್ತಾಗಲ್ಲ. ಡಿಸೆಂಬರಿಂದ ಮೇವರೆಗೆ, ಅಂದ್ರೆ ಸರಿಯಾಗಿ ನಿಮ್ಮ ಕ್ಯಾಂಪಿಂಗ್ ಸೀಸನ್ನೇ ಅದರ ಸೀಸನ್ನು. ಕಾಡಂಚಲ್ಲಿ ದರಗೆಲೆ ಮೇಲೆ ಕೂರೋದು, ಮೆತ್ತಗಿದೆ ಅಂತ ಅದರ ಮೇಲೇ ಟೆಂಟ್ ಹಾಸೋದು, ಚಡ್ಡೀಲಿ ಓಡಾಡೋದು ಬೇಡ. ಗುಡಿಸಿದ ಅಂಗಳ, ಗದ್ದೆ ಬಯಲು ಓಕೆ. ಉದ್ದ ಪ್ಯಾಂಟ್ ಹಾಕಿ ಸಾಕ್ಸ್ ಒಳಗೆ ತುರ್ಕಿ, ಆ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜನಕ್ಕೆ ಉಣುಗು ಹತ್ತದ ಹಾಗೆ ಹಚ್ಕೊಳ್ಳೋ ಡೆಪಾ ಎಣ್ಣೆ ಕೊಡ್ತಾರೆ, ಕೇಳಿ ಹಚ್ಕೊಳ್ಳಿ. ಸಂಜೆ ಬಿಸಿನೀರಲ್ಲಿ ಸ್ನಾನ, ಮೈಯೆಲ್ಲಾ ತಡವಿ ನೋಡ್ಕೊಳ್ಳೋದು. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಮುಟ್ಟಬೇಡಿ, ಊರಲ್ಲಿ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ಹೇಳಿ. ಊರಿಗೆ ವಾಪಸ್ ಹೋಗಿ ಒಂದು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟರಿಗೆ "ಮಲೆನಾಡು ಕಾಡಲ್ಲಿ ಮಲಗಿದ್ದೆ" ಅಂತ ಬಾಯ್ಬಿಟ್ಟು ಹೇಳಿ, ಬೆಂಗಳೂರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಲ್ಲ.

ಮಳೆಗಾಲದಲ್ಲಾದ್ರೆ ಉಣುಗಿನ ಬದಲು ಇಂಬಳ (ಜಿಗಣೆ). ಅದು ಕಾಯಿಲೆ ಕೊಡಲ್ಲ, ರಕ್ತ ಕುಡ್ದು ಬಿದ್ದೋಗತ್ತೆ, ಉಪ್ಪು ಇಲ್ಲ ಸುಣ್ಣ ತಾಗಿಸಿದ್ರೆ ಬಿಡತ್ತೆ. ಆದ್ರೆ ಮಳೆಗಾಲದಲ್ಲಿ ಆಗುಂಬೆ ಕಡೆ ಟೆಂಟ್ ಅಂತ ಹೋಗೋರಿಗೆ ನಾನು ಏನೂ ಹೇಳಲ್ಲ, ವರ್ಷಕ್ಕೆ 7000 ಮಿ.ಮೀ. ಸುರಿಯೋ ಜಾಗ, ಯಾವ ಟೆಂಟೂ ತಡಿಯಲ್ಲ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಎಸ್ಟೇಟ್‌ಗಳಲ್ಲಿ ಕಾಡಾನೆ ಓಡಾಟ. ಅಲ್ಲಿ ಟೆಂಟ್ ಬೇಡ, ಗೋಡೆ ಇರೋ ಮನೇಲಿ ಮಲಗಿ. ಬಾಳೆಹಣ್ಣು, ಹಲಸು, ಉಪ್ಪು ಎಲ್ಲಾ ಕಡೆಯೂ ಟೆಂಟಿಂದ ದೂರ ಇಡಿ.

ಪ್ರಶ್ನೆ: ಜುಲೈಲಿ ಮನಾಲಿ–ಲೇಹ್ ಬೈಕಲ್ಲಿ ಹೋಗ್ಬೇಕು, ಟೆಂಟ್ ಸಮೇತ. ಮೈಸೂರಿಂದ ಓಡಿಸ್ಕೊಂಡೇ ಹೋಗೋದಾ, ಟ್ರೈನಲ್ಲಿ ಹಾಕೋದಾ? ಎಲ್ಲೆಲ್ಲಿ ಉಳಿಯೋದು?
— ಓದುಗ, ಮೈಸೂರು

ಉತ್ತರ: ರಜ ಒಂದು ತಿಂಗಳಿದ್ರೆ ಓಡಿಸ್ಕೊಂಡು ಹೋಗಿ, ಹದಿನೈದು ದಿನ ಅಂದ್ರೆ ಟ್ರೈನಲ್ಲಿ ದೆಹಲಿಗೋ ಚಂಡೀಗಢಕ್ಕೋ ಪಾರ್ಸೆಲ್ ಹಾಕಿ. ಟ್ಯಾಂಕ್ ಪೂರ್ತಿ ಖಾಲಿ ಮಾಡ್ಬೇಕು, ಆರ್‌ಸಿ ಮತ್ತೆ ಗುರುತಿನ ಚೀಟಿ ಜೆರಾಕ್ಸ್ ಬೇಕು, ಕನ್ನಡಿ ಬಿಚ್ಚಿ ಬ್ಯಾಗಲ್ಲಿಟ್ಕೊಳ್ಳಿ ಇಲ್ಲಾಂದ್ರೆ ಅದು ನಿಮ್ಮ ಜೊತೆ ಬರಲ್ಲ. ಗ್ಯಾಸ್ ಕ್ಯಾನ್ ಟ್ರೈನಲ್ಲಿ ಒಯ್ಯೋ ಹಾಗಿಲ್ಲ, ಮನಾಲಿಲೇ ತಗೊಳ್ಳಿ. ಅಂದಹಾಗೆ ಬರೀ ಬ್ಯುಟೇನ್ ಇರೋ ಸಣ್ಣ ಕ್ಯಾನ್ ಸೊನ್ನೆ ಡಿಗ್ರಿ ಹತ್ರ ಹೋದ್ರೆ ಉರಿಯಲ್ಲ, ಮಿಶ್ರ ಗ್ಯಾಸ್ ಕೇಳಿ. ಚಳಿ ಅಂತ ಟೆಂಟ್ ಒಳಗೆ ಸ್ಟವ್ ಹಚ್ಚಿದ್ರೆ ವಿಷಗಾಳಿ ತುಂಬಿ ನಿದ್ದೇಲೇ ಪ್ರಾಣ ಹೋಗತ್ತೆ, ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೆನೇ.

ಇಲ್ಲೂ ಅದೇ ಮಾತು, ಮಲಗೋ ಜಾಗ ಮೊದಲು. ಆದ್ರೆ ಇಲ್ಲಿ ಜಾಗ ಅಂದ್ರೆ ಎತ್ತರ. ಮನಾಲಿ ಸುಮಾರು 2000 ಮೀಟರ್. 2020ರ ಅಕ್ಟೋಬರಲ್ಲಿ 9 ಕಿ.ಮೀ. ಅಟಲ್ ಸುರಂಗ ಓಪನ್ ಆದ್ಮೇಲೆ ರೋಹ್ತಾಂಗ್ ಹತ್ತೋ ತಾಪತ್ರಯ ಇಲ್ಲ, ಅದಕ್ಕೇ ಜನ ಒಂದೇ ದಿನದಲ್ಲಿ ಸರ್ಚು ತನಕ ಹೋಗಿ ಅಲ್ಲೇ ಟೆಂಟಲ್ಲಿ ಮಲಗ್ತಾರೆ, ಅದು ಸುಮಾರು 4300 ಮೀಟರ್. ರಾತ್ರಿ ತಲೆ ಸಿಡಿಯತ್ತೆ, ವಾಂತಿ, ನಿದ್ದೆ ಇಲ್ಲ. 3000 ಮೀಟರ್ ದಾಟಿದ್ಮೇಲೆ ಮಲಗೋ ಎತ್ತರ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅಂತಾರೆ ಪರ್ವತ ವೈದ್ಯರು, ಈ ದಾರೀಲಿ ಅದನ್ನ ಪೂರ್ತಿ ಪಾಲಿಸೋದೇ ಕಷ್ಟ. ಆದ್ದರಿಂದ ಮೊದಲನೇ ರಾತ್ರಿ ಜಿಸ್ಪಾ, ಅದು 3200 ಹತ್ರ, ಹೊಳೆ ಪಕ್ಕ ಕ್ಯಾಂಪ್‌ಗಳಿವೆ. ಆಗೋದಾದ್ರೆ ಅಲ್ಲೇ ಎರಡು ರಾತ್ರಿ. ಆಮೇಲೆ ಬೆಳಕು ಹರಿಯೋ ಮುಂಚೆ ಹೊರಟು ಬಾರಾಲಾಚಾ ಘಟ್ಟ ದಾಟಿ ಎಷ್ಟಾಗತ್ತೋ ಅಷ್ಟು, ನಡುವೆ ಎಲ್ಲಾದ್ರೂ ತಲೆನೋವಿನ ಜೊತೆ ವಾಕರಿಕೆ ಶುರುವಾದ್ರೆ ಮುಂದೆ ಹೋಗೋದಲ್ಲ, ಕೆಳಗಿಳಿಯೋದು. ಮೊದಲನೇ ಸಲ ಹೋಗೋರಿಗೆ ನಾನಾದ್ರೆ ಶ್ರೀನಗರದ ಕಡೆಯಿಂದ ಹೋಗಿ ಅಂತೀನಿ. ಜೋಜಿಲಾ ಘಟ್ಟ 3500 ಮೀಟರ್, ಕಾರ್ಗಿಲ್ 2700ರ ಹತ್ರ, ಹಂಗೆ ಮೆಲ್ಲಗೆ ಮೈ ಒಗ್ಗತ್ತೆ, ಬರೋವಾಗ ಮನಾಲಿ ಕಡೆ ಇಳೀರಿ. ಎತ್ತರದ ತೊಂದ್ರೆಗೆ ತಗೊಳ್ಳೋ ಮಾತ್ರೆ ವಿಷಯ ನಿಮ್ಮ ಡಾಕ್ಟರ್ ಕೇಳಿ, ನನ್ನ ಕೇಳ್ಬೇಡಿ.

ಪೆಟ್ರೋಲು: ಮನಾಲಿ–ಲೇಹ್ ದಾರೀಲಿ ಸಿಗೋ ತಾಂಡಿ ಪಂಪಲ್ಲಿ "ಮುಂದಿನ ಪಂಪ್ 365 ಕಿ.ಮೀ." ಅನ್ನೋ ಬೋರ್ಡ್ ಮುಂದೆ ಎಲ್ಲರೂ ಫೋಟೋ ತೆಗೀತಾರೆ, ತೆಗೆದು ಟ್ಯಾಂಕ್ ತುಂಬಿಸ್ಕೊಂಡು ಮೇಲೆ ಐದು ಲೀಟರ್ ಕ್ಯಾನಲ್ಲಿ ಇಟ್ಕೊಳ್ಳಿ, ಎತ್ತರದಲ್ಲಿ ಫಸ್ಟ್ ಗೇರಲ್ಲೇ ಎಳೆದಾಗ ಮನೆ ಹತ್ರದ ಮೈಲೇಜ್ ಸಿಗಲ್ಲ. ಮತ್ತೆ, ನಮ್ಮ ಕಡೆ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರ, ಲಡಾಖಲ್ಲಿ ನಡಿಯಲ್ಲ, ಪೋಸ್ಟ್‌ಪೇಯ್ಡ್ ಒಂದಾದ್ರೂ ಗುಂಪಲ್ಲಿ ಇರಲಿ. ಜುಲೈ ಮಧ್ಯಾಹ್ನ ಹಿಮ ಕರಗಿ ನಾಲಾಗಳು ರೋಡ್ ಮೇಲೇ ಹರೀತವೆ, ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿದ್ದ ನೀರು ಮೂರು ಗಂಟೆಗೆ ಸೀಟ್ ಮುಟ್ಟತ್ತೆ. ಅದಕ್ಕೇ ಬೆಳಗ್ಗೆ ಬೇಗ ಹೊರಡಿ ಅಂದಿದ್ದು.

ಪ್ರಶ್ನೆ: ನಾವು ಕನ್ನಡದವರು ಐದು ಜನ ಇಲ್ಲಿ ಬೈಕ್ ತಗೊಂಡಿದೀವಿ. ಸ್ಕಾಟ್ಲೆಂಡ್ ಉತ್ತರದ ಎನ್‌ಸಿ 500 ದಾರಿ, ಸುಮಾರು 830 ಕಿ.ಮೀ., ಜೂನಲ್ಲಿ ಟೆಂಟ್ ಹಾಕ್ಕೊಂಡು ಸುತ್ತೋಣ ಅಂತ. ಇಲ್ಲಿ ಎಲ್ಲಿ ಬೇಕಾದ್ರೂ ಟೆಂಟ್ ಹಾಕಬಹುದಂತೆ, ನಿಜಾನಾ?
— ಓದುಗರು, ಗ್ಲಾಸ್ಗೋ

ಉತ್ತರ: ಅರ್ಧ ನಿಜ. ಅಲ್ಲಿನ 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಬೇಲಿ ಹಾಕಿದ ಹೊಲ, ಮನೆ ಆವರಣ ಬಿಟ್ಟು ಬಯಲಲ್ಲಿ ಒಂದೆರಡು ರಾತ್ರಿ ಟೆಂಟ್ ಹಾಕೋ ಹಕ್ಕಿದೆ, ಆದ್ರೆ ಆ ಹಕ್ಕು ನಡೆದು ಹೋಗೋರಿಗೆ, ಸೈಕಲ್‌ನವರಿಗೆ. ಮೋಟಾರ್ ಗಾಡಿಗೆ ಇಲ್ಲ. ಬೈಕನ್ನ ಸರಿಯಾದ ಪಾರ್ಕಿಂಗಲ್ಲಿ ಬಿಟ್ಟು ಟೆಂಟ್ ಹೊತ್ಕೊಂಡು ನಡೀರಿ. ನಿಮ್ಮ ಊರ ಪಕ್ಕದ ಲೋಮಂಡ್ ಸರೋವರದ ಸುತ್ತ ಕೆಲವು ಕಡೆ ಮಾರ್ಚಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು, ಅದನ್ನ ನೋಡ್ಕೊಳ್ಳಿ. ಒಂಟಿ ಪಟ್ಟೆ ರಸ್ತೆಗಳಲ್ಲಿ ಎದುರಿಗೆ ಗಾಡಿ ಬಂದ್ರೆ ದಾಟೋ ಜಾಗದಲ್ಲಿ ನಿಂತು ದಾರಿ ಬಿಡಿ, ಹಿಂದೆ ಊರವರ ಗಾಡಿ ಇದ್ರೂ ಬಿಡಿ, ಅವರು ಕೆಲಸಕ್ಕೆ ಹೋಗ್ತಿರ್ತಾರೆ, ನೀವು ಫೋಟೋಗೆ. ನಮ್ಮ ಹಾಗೆ ನಾಲ್ಕು ಗಂಟೆ ನಿಯಮ ನಿಮಗೆ ಬೇಡ, ಜೂನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಬದಲಿಗೆ ಮಿಡ್ಜ್ ಅಂತ ಒಂದು ನುಸಿ, ಗಾಳಿ ಇಲ್ದಿರೋ ಸಂಜೆ ಮೋಡದ ಹಾಗೆ ಮುತ್ತಿಕೊಳತ್ತೆ. ಟೆಂಟನ್ನ ಗಾಳಿ ಬೀಸೋ ಕಡೆ ಹಾಕಿ, ಮುಖಕ್ಕೆ ಬಲೆ ತಗೊಳ್ಳಿ. ನಿಮ್ಮಲ್ಲಿ ಮಲೆನಾಡಿನವರಿದ್ರೆ ಇಂಬಳನೇ ಎಷ್ಟೋ ವಾಸಿ ಅಂತಾರೆ.

ಪ್ರಶ್ನೆ: ಕ್ಯಾಂಪ್ ಫೈರ್ ಇಲ್ದೆ ಕ್ಯಾಂಪಿಂಗಾ ಸಾರ್?
— ಓದುಗ, ಕೋಲಾರ

ಉತ್ತರ: ಹೌದು ಸಾರ್. ಫೆಬ್ರವರಿ ಆದ್ಮೇಲೆ ಘಟ್ಟದ ಹುಲ್ಲು ಪೂರ್ತಿ ಒಣಗಿರತ್ತೆ, ಒಂದು ಕಿಡಿ ಸಾಕು, ಮೀಸಲು ಅರಣ್ಯದಲ್ಲಿ ಬೆಂಕಿ ಹಾಕೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಯಾರದ್ದಾದ್ರೂ ಅಂಗಳದಲ್ಲಿ ಉಳ್ಕೊಂಡಿದ್ರೆ ಅವರ ಬಚ್ಚಲ ಒಲೆ ಮುಂದೆ ಕೂರಿ, ನೀರು ಕಾಯೋವರೆಗೂ ಚಳಿ ಕಾಯಿಸ್ಬಹುದು, ಅಜ್ಜ ಯಾರಾದ್ರೂ ಇದ್ರೆ ಕಥೆನೂ ಸಿಗತ್ತೆ, ಬೆಳಿಗ್ಗೆ ಬಿಸಿನೀರೂ ಸಿಗತ್ತೆ.